ಆಸ್ಟ್ರೇಲಿಯಾದಲ್ಲಿ ಕಂಪನಿ ಹಾಕಿದ ನಾಮಿನೇಷನ್ ರಿಜೆಕ್ಟ್ ಆದರೆ: 28 ದಿನದೊಳಗೆ ಏನು ಮಾಡಬೇಕು

ಆಸ್ಟ್ರೇಲಿಯಾದಲ್ಲಿ ಸ್ಪಾನ್ಸರ್‌ಶಿಪ್ ಮೇಲೆ ಕೆಲಸ ಮಾಡುವ ಎಷ್ಟೋ ಜನರಿಗೆ ಒಂದು ವಿಷಯ ಗೊತ್ತಿರುವುದಿಲ್ಲ. ಗೊತ್ತಾಗುವ ಹೊತ್ತಿಗೆ ಕಾಲ ಮೀರಿರುತ್ತದೆ. ಈ ಹುದ್ದೆಗೆ ಇವರು ಬೇಕು ಎಂದು ಕಂಪನಿ ನಿಮಗಾಗಿ ಸರ್ಕಾರಕ್ಕೆ ಹಾಕಿದ ಅರ್ಜಿ, ಅಂದರೆ ನಾಮಿನೇಷನ್, ತಿರಸ್ಕಾರವಾದರೆ ಅದರ ಮೇಲೆ ಮೇಲ್ಮನವಿ ಹಾಕುವ ಹಕ್ಕು ನಿಮ್ಮದಲ್ಲ, ಕಂಪನಿಯದ್ದು. ನಿಮ್ಮ ಕೆಲಸ, ಮಕ್ಕಳ ಸ್ಕೂಲು, ಮನೆ ಬಾಡಿಗೆ ಎಲ್ಲವೂ ಆ ಒಂದು ಅರ್ಜಿಯ ಮೇಲೆ ನಿಂತಿದ್ದರೂ ಅರ್ಜಿ ಹಾಕಬೇಕಾದವರು ನಿಮ್ಮ ಬಾಸ್. ಅವರು ಸುಮ್ನೆ ಕೂತರೆ ನಾಮಿನೇಷನ್ ವಿಷಯದಲ್ಲಿ ನೀವು ಏನೂ ಮಾಡಲು ಬರುವುದಿಲ್ಲ. ಹಾಗಾಗಿ ಇಲ್ಲಿ ಕಾನೂನಿನ ಜೊತೆಗೆ ಬಾಸ್ ಹತ್ತಿರ ಯಾವಾಗ ಏನು ಕೇಳಬೇಕು ಅನ್ನುವುದನ್ನೂ ಬರೆದಿದ್ದೇನೆ.

ಮೊದಲು, ರಿಜೆಕ್ಟ್ ಆಗಿರುವುದು ಯಾವುದು?

ಕಂಪನಿ ಸ್ಪಾನ್ಸರ್ ಮಾಡುವ ತಾತ್ಕಾಲಿಕ ಕೆಲಸದ ವೀಸಾ 482ಕ್ಕೆ ಮೂರು ಅರ್ಜಿಗಳಿರುತ್ತವೆ. 2024ರ ಡಿಸೆಂಬರ್ 7ರಿಂದ ಈ ವೀಸಾದ ಹೆಸರು ಸ್ಕಿಲ್ಸ್ ಇನ್ ಡಿಮ್ಯಾಂಡ್ ಎಂದಾಗಿದೆ, ಸಂಖ್ಯೆ ಮಾತ್ರ ಅದೇ. ಕಂಪನಿ ಸ್ಪಾನ್ಸರ್ ಆಗಲು ಒಪ್ಪಿಗೆ ಪಡೆಯುವುದು ಒಂದು, ಇಂಥ ಹುದ್ದೆಗೆ ಇಂಥವರು ಬೇಕು ಎಂದು ನಾಮಿನೇಷನ್ ಹಾಕುವುದು ಎರಡು, ನಿಮ್ಮ ವೀಸಾ ಅರ್ಜಿ ಮೂರು. ಪಿಆರ್, ಅಂದರೆ ಖಾಯಂ ವಾಸದ ಹಕ್ಕು, ಕೊಡುವ 186 ವೀಸಾದಲ್ಲಿ ಮುಖ್ಯವಾಗಿ ನಾಮಿನೇಷನ್ ಮತ್ತು ವೀಸಾ ಎರಡೇ. ಎರಡು ವೀಸಾಗಳಲ್ಲೂ ವೀಸಾ ಅರ್ಜಿ ಮಾತ್ರ ನಿಮ್ಮದು, ಉಳಿದವು ಕಂಪನಿಯ ಅರ್ಜಿಗಳು.

"ವೀಸಾ ರಿಜೆಕ್ಟ್ ಆಯ್ತು" ಎಂದು ಗಾಬರಿಯಾದವರ ಕಾಗದ ತೆಗೆದು ನೋಡಿದರೆ ಎಷ್ಟೋ ಸಲ ಬಿದ್ದಿರುವುದು ನಾಮಿನೇಷನ್, ವೀಸಾ ಅರ್ಜಿ ಇನ್ನೂ ಬಾಕಿ ಇರುತ್ತದೆ. ಇದು ದೊಡ್ಡ ವ್ಯತ್ಯಾಸ. ನಾಮಿನೇಷನ್ ಬಿದ್ದ ಮೇಲೆ ವೀಸಾ ನೋಡಿಕೊಳ್ಳುವ ಗೃಹ ವ್ಯವಹಾರಗಳ ಇಲಾಖೆ ಸಾಮಾನ್ಯವಾಗಿ ನಿಮಗೆ ಒಂದು ಪತ್ರ ಕಳಿಸುತ್ತದೆ. ನಾಮಿನೇಷನ್ ಒಪ್ಪಿಗೆಯಾಗಿಲ್ಲ, ಹಾಗಾಗಿ ವೀಸಾ ಕೊಡಲು ಬರುವುದಿಲ್ಲ, ನಿಮ್ಮ ಮಾತು ಹೇಳಿ ಇಲ್ಲವೇ ಅರ್ಜಿ ವಾಪಸ್ ತೆಗೆದುಕೊಳ್ಳಿ ಎಂದು. ಉತ್ತರಕ್ಕೆ ಒಂದು ಗಡುವು ಕೊಟ್ಟಿರುತ್ತದೆ. ಈ ಪತ್ರವನ್ನು ದಯವಿಟ್ಟು ಹಾಗೇ ಬಿಡಬೇಡಿ, ಅವಸರದಲ್ಲಿ ಅರ್ಜಿ ವಾಪಸ್ಸೂ ತೆಗೆದುಕೊಳ್ಳಬೇಡಿ.

ಯಾಕೆಂದರೆ ವಲಸೆ ಕಾಯ್ದೆಯಲ್ಲಿ ಸೆಕ್ಷನ್ 48 ಅಂತ ಒಂದಿದೆ. ಆಸ್ಟ್ರೇಲಿಯಾದೊಳಗೆ ಇದ್ದುಕೊಂಡು, ಕೈಯಲ್ಲಿ ಬ್ರಿಡ್ಜಿಂಗ್ ವೀಸಾ (ತೀರ್ಮಾನ ಬರುವವರೆಗೆ ಇರಲು ಕೊಡುವ ತಾತ್ಕಾಲಿಕ ವೀಸಾ) ಬಿಟ್ಟು ಬೇರೆ ಯಾವ ವೀಸಾವೂ ಇಲ್ಲದಿರುವಾಗ, ಹಿಂದೊಂದು ವೀಸಾ ರಿಜೆಕ್ಟ್ ಆಗಿದ್ದರೆ, ದೇಶದೊಳಗಿನಿಂದ ಮತ್ತೆ ಹಾಕಬಹುದಾದ ವೀಸಾಗಳು ಬಹಳ ಕಮ್ಮಿ. 2021ರ ನವೆಂಬರ್‌ನಿಂದ 190, 491 ಮತ್ತು 494 ಸಂಖ್ಯೆಯ ವೀಸಾಗಳಿಗೆ ವಿನಾಯಿತಿ ಇದೆ, ಆದರೆ 482ಕ್ಕೂ 186ಕ್ಕೂ ಇಲ್ಲ. ರಿಜೆಕ್ಟ್ ಆಗುವ ಮೊದಲೇ ಅರ್ಜಿ ವಾಪಸ್ ತೆಗೆದುಕೊಂಡರೆ ಈ ತೊಡಕು ಬರುವುದಿಲ್ಲ. ಇನ್ನೊಂದು ಕಡೆ, ವಾಪಸ್ ತೆಗೆದುಕೊಂಡರೆ ಆ ವೀಸಾಕ್ಕಾಗಿ ಮೇಲ್ಮನವಿ ಕೇಳುವ ಟ್ರಿಬ್ಯುನಲ್‌ಗೆ ಹೋಗುವ ದಾರಿ ಮುಚ್ಚುತ್ತದೆ, ಬ್ರಿಡ್ಜಿಂಗ್ ವೀಸಾ ಎ ಕೂಡ 35 ದಿನಕ್ಕೆ ಮುಗಿಯುತ್ತದೆ. ಹಳೆಯ 482 ವೀಸಾ ಇನ್ನೂ ಚಾಲ್ತಿಯಲ್ಲಿದ್ದರೆ ಲೆಕ್ಕವೇ ಬೇರೆ, ಅದಿರುವವರೆಗೆ ಸೆಕ್ಷನ್ 48 ನಿಮ್ಮನ್ನು ತಡೆಯುವುದಿಲ್ಲ. ನಿಮ್ಮ ಸ್ಥಿತಿ ಇವುಗಳಲ್ಲಿ ಯಾವುದು ಎಂದು ವೆವೋದಲ್ಲಿ (ವೀಸಾ ವಿವರ ನೋಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಅವತ್ತೇ ನೋಡಿಕೊಳ್ಳಿ. ದುಡ್ಡು ಖರ್ಚಾದರೂ ಪರವಾಗಿಲ್ಲ, ಈ ಒಂದು ತೀರ್ಮಾನಕ್ಕೆ ಮಾತ್ರ ನೋಂದಾಯಿತ ಮೈಗ್ರೇಷನ್ ಏಜೆಂಟ್ ಅಥವಾ ವಲಸೆ ವಕೀಲರ ಜೊತೆ ಒಂದು ಗಂಟೆ ಕೂತು ಮಾತಾಡಿ ಎಂದೇ ನಾನು ಹೇಳುತ್ತೇನೆ. ಏಜೆಂಟ್ ಆದರೆ ಅವರ ನೋಂದಣಿ ಸಂಖ್ಯೆ ಕೇಳಿ, ಏಜೆಂಟರನ್ನು ನೋಂದಾಯಿಸುವ ಸರ್ಕಾರಿ ಕಚೇರಿ ಒಮಾರಾದ ಪಟ್ಟಿಯಲ್ಲಿ ಹುಡುಕಿ ನೋಡಿ. ಪರಿಚಯದವರ ಪರಿಚಯದವರು ಅನ್ನುವುದು ಇಲ್ಲಿ ಸಾಲದು.

ತೀರ್ಪಿನ ಪತ್ರ ಕೈಗೆ ತೆಗೆದುಕೊಳ್ಳಿ, ದಿನ ಎಣಿಸಿ

ನಾಮಿನೇಷನ್ ತಿರಸ್ಕಾರದ ಪತ್ರ ಕಂಪನಿಗೆ ಅಥವಾ ಕಂಪನಿಯ ಏಜೆಂಟಿಗೆ ಹೋಗುತ್ತದೆ, ನಿಮಗೆ ಬರುವುದಿಲ್ಲ. ಆದ್ದರಿಂದ ಎಚ್ಆರ್‌ನವರು "ರಿಜೆಕ್ಟ್ ಆಗಿದೆ, ನೋಡೋಣ" ಎಂದರೆ ಅಷ್ಟಕ್ಕೇ ತೃಪ್ತರಾಗಬೇಡಿ. ಎರಡು ಕಾಗದ ಕೇಳಿ. ಒಂದು, ತಿಳಿಸಿದ ಪತ್ರ, ಅದರಲ್ಲಿ ತಾರೀಖು ಇರುತ್ತದೆ ಮತ್ತು ಮೇಲ್ಮನವಿ ಯಾರು ಹಾಕಬಹುದು ಎಂದು ಬರೆದಿರುತ್ತದೆ. ಇನ್ನೊಂದು, ತೀರ್ಪಿನ ದಾಖಲೆ, ಅದರಲ್ಲಿ ಯಾವ ನಿಯಮಕ್ಕೆ ಯಾಕೆ ಒಪ್ಪಲಿಲ್ಲ ಎಂಬ ಕಾರಣ ಇರುತ್ತದೆ. ಬಾಯಿ ಮಾತಲ್ಲಿ ಕೇಳಿ ಬಿಡಬೇಡಿ, ಈಮೇಲ್ ಹಾಕಿ. "ಸರ್, ತೀರ್ಪಿನ ಪ್ರತಿ ಇವತ್ತೇ ಕಳಿಸಿದರೆ ನನ್ನ ವೀಸಾ ಪತ್ರಕ್ಕೆ ಉತ್ತರ ಕೊಡಲು ಅನುಕೂಲ, ಟ್ರಿಬ್ಯುನಲ್‌ಗೆ ಹೋಗುವುದಾದರೆ ಕೊನೆಯ ದಿನ ಇಂಥದ್ದು" ಎಂದು ತಾರೀಖು ಸಮೇತ ಬರೆಯಿರಿ. ಗಡುವು ಇದೆ ಎನ್ನುವುದೇ ಕೆಲವು ಚಿಕ್ಕ ಮಾಲೀಕರಿಗೆ ಗೊತ್ತಿರುವುದಿಲ್ಲ, ಹೇಳಿದ ಮೇಲೆ ಸಹಾಯ ಮಾಡುವವರೇ ಜಾಸ್ತಿ.

ಮೇಲ್ಮನವಿ ಹಾಕುವ ಗಡುವು 28 ದಿನ. ಹಿಂದೆ ಇದ್ದ ಎಎಟಿ ಎಂಬ ಟ್ರಿಬ್ಯುನಲ್ ಹೋಗಿ 2024ರ ಅಕ್ಟೋಬರ್ 14ರಿಂದ ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯುನಲ್ ಬಂದಿದೆ, ಜನ ಎಆರ್‌ಟಿ ಅಂತಾರೆ. ಹಳೆಯ ಲೇಖನಗಳಲ್ಲಿ 21 ದಿನ ಅಂತ ಕಂಡರೆ ಅದು ಎಎಟಿ ಕಾಲದ್ದು. ಈಮೇಲ್‌ನಲ್ಲಿ ಬಂದ ತೀರ್ಪು ಕಳಿಸಿದ ದಿನದ ಕೊನೆಗೇ ತಲುಪಿದಂತೆ ಲೆಕ್ಕ, ನೀವು ತೆರೆದು ಓದಿದಿರೋ ಇಲ್ಲವೋ ಕೇಳುವುದಿಲ್ಲ. ಮಾರ್ಚ್ 1ಕ್ಕೆ ಕಳಿಸಿದ್ದರೆ ಕೊನೆಯ ದಿನ ಮಾರ್ಚ್ 29. ಏಜೆಂಟಿಗೆ ತಲುಪಿದರೆ ಕಂಪನಿಗೆ ತಲುಪಿದಂತೆಯೇ, ಏಜೆಂಟ್ ರಜೆಯಲ್ಲಿದ್ದರೂ ಅಷ್ಟೇ. ಈ ಗಡುವನ್ನು ವಿಸ್ತರಿಸುವ ಅಧಿಕಾರ ವಲಸೆ ಪ್ರಕರಣಗಳಲ್ಲಿ ಟ್ರಿಬ್ಯುನಲ್‌ಗೆ ಇಲ್ಲ. ಆಸ್ಪತ್ರೆಯಲ್ಲಿದ್ದೆ, ಊರಲ್ಲಿ ಸಾವಾಯಿತು, ಯಾವ ಕಾರಣವೂ ನಡೆಯುವುದಿಲ್ಲ. ಇಲಾಖೆಗೆ ಬರೆದು ತಪ್ಪು ಸರಿಮಾಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಆ ಉತ್ತರಕ್ಕೆ ಕಾಯುತ್ತಾ ಕೂತರೂ ದಿನ ಓಡುತ್ತಲೇ ಇರುತ್ತದೆ.

ಹೋರಾಡಬೇಕೋ, ಹೊಸದಾಗಿ ಹಾಕಬೇಕೋ

ಇದು ಎಲ್ಲಕ್ಕಿಂತ ಮುಖ್ಯ, ಇಲ್ಲಿ ನಿಧಾನವಾಗಿ ಯೋಚಿಸಿ. ರಿಜೆಕ್ಟ್ ಆದ ತಕ್ಷಣ ಎಲ್ಲರಿಗೂ ಮೇಲ್ಮನವಿಯೇ ನೆನಪಾಗುತ್ತದೆ. ಆದರೆ ಟ್ರಿಬ್ಯುನಲ್‌ನಲ್ಲಿ ವರ್ಷ ದಾಟಬಹುದು, ಹೊಸ ನಾಮಿನೇಷನ್ ಅದಕ್ಕಿಂತ ಬೇಗ ಮುಗಿಯಬಹುದು. ಉತ್ತರ ಇರುವುದು ತೀರ್ಪಿನ ಕಾರಣದಲ್ಲಿ.

482ರಲ್ಲಿ ಹುದ್ದೆಗೆ ಮುಂಚೆ ಇಲ್ಲಿಯವರನ್ನು ಹುಡುಕಿದ್ದೇವೆ ಎಂದು ತೋರಿಸಬೇಕು. ಸಾಮಾನ್ಯವಾಗಿ ಕಡಿಮೆ ಅಂದರೂ ಎರಡು ಜಾಹೀರಾತು, ನಾಲ್ಕು ವಾರ. ಜಾಹೀರಾತಿನಲ್ಲಿ ಹುದ್ದೆ, ಬೇಕಾದ ಕೌಶಲ, ಕಂಪನಿ ಅಥವಾ ನೇಮಕಾತಿ ಸಂಸ್ಥೆಯ ಹೆಸರು ಇರಬೇಕು, ಸಂಬಳ 96,400 ಡಾಲರ್‌ಗಿಂತ ಕಮ್ಮಿ ಇದ್ದರೆ ಸಂಬಳವೂ ಇರಬೇಕು. ಇಲ್ಲಿ ಎಡವಿದ್ದರೆ ಟ್ರಿಬ್ಯುನಲ್‌ಗೆ ಹೋಗಿ ಪ್ರಯೋಜನ ಕಮ್ಮಿ. ಆಗಿಹೋದ ಜಾಹೀರಾತನ್ನು ಈಗ ಬದಲಿಸಲು ಆಗಲ್ಲ ಅಲ್ವಾ? ಸರಿಯಾಗಿ ಜಾಹೀರಾತು ಕೊಟ್ಟು, ನಾಲ್ಕು ವಾರ ಕಾದು, ಹೊಸ ನಾಮಿನೇಷನ್ ಹಾಕುವುದೇ ಒಳ್ಳೆಯದು.

ಸಂಬಳದ ಕಾರಣವಾದರೆ ಎರಡು ಪ್ರಶ್ನೆ ಬೇರೆ ಬೇರೆ. ಕನಿಷ್ಠ ಮಿತಿಗಿಂತ ಕೆಳಗಿದೆಯೇ ಎಂಬುದು ಒಂದು. ಈ ಮಿತಿ ಹಲವು ವರ್ಷ 53,900 ಡಾಲರ್‌ನಲ್ಲೇ ನಿಂತಿತ್ತು, 2023ರ ಜುಲೈನಲ್ಲಿ 70,000 ಆಯಿತು, ಮರು ವರ್ಷ 73,150, 2025ರ ಜುಲೈನಲ್ಲಿ 76,515. ಅದೇ ಕೆಲಸಕ್ಕೆ ಅದೇ ಊರಲ್ಲಿ ಆಸ್ಟ್ರೇಲಿಯಾದವರಿಗೆ ಕೊಡುವಷ್ಟು ಕೊಡುತ್ತಿದ್ದಾರೆಯೇ ಎಂಬುದು ಇನ್ನೊಂದು, ಇದಕ್ಕೆ ಹೊಸ ದಾಖಲೆ ಒದಗಿಸಿ ಟ್ರಿಬ್ಯುನಲ್‌ನಲ್ಲಿ ವಾದಿಸಬಹುದು. ಜುಲೈ 1 ದಾಟಿ ಹೊಸ ನಾಮಿನೇಷನ್ ಹಾಕಿದರೆ ಹೊಸ ಮಿತಿ ಅನ್ವಯಿಸುತ್ತದೆ. ಜೂನ್‌ನಲ್ಲಿ ರಿಜೆಕ್ಟ್ ಆದವರು ಇದನ್ನು ಮೊದಲು ನೋಡಬೇಕು.

ಹುದ್ದೆ ನಿಜವಾದದ್ದಲ್ಲ, ಅಂದರೆ ಈ ವ್ಯಾಪಾರಕ್ಕೆ ಇಂಥ ಹುದ್ದೆ ಬೇಕಾಗಿಲ್ಲ ಅಥವಾ ಹೇಳಿದ ಕೆಲಸವೇ ಬೇರೆ ಮಾಡಿಸುವುದೇ ಬೇರೆ ಎಂಬ ಕಾರಣ ಚಿಕ್ಕ ಕಂಪನಿಗಳಿಗೆ ಬಂದೇ ಬರುತ್ತದೆ. ಟ್ರಿಬ್ಯುನಲ್‌ನಲ್ಲಿ ಗೆಲ್ಲಬಹುದಾದ ಪ್ರಕರಣಗಳು ಹೆಚ್ಚಾಗಿ ಇಲ್ಲೇ ಇರುತ್ತವೆ. ಟ್ರಿಬ್ಯುನಲ್ ಇಲಾಖೆಯ ಕಡತವನ್ನು ತಿದ್ದಿ ನೋಡುವುದಿಲ್ಲ, ಇಡೀ ವಿಷಯವನ್ನು ಹೊಸದಾಗಿ ನೋಡುತ್ತದೆ, ಇಲಾಖೆಗೆ ಕೊಡದೇ ಬಿಟ್ಟ ಕಾಗದವನ್ನೂ ಈಗ ಕೊಡಬಹುದು. ಆದರೆ ಹುದ್ದೆಯೇ ನಿಯಮದಿಂದ ಹೊರಗಿದ್ದರೆ, ಉದಾಹರಣೆಗೆ ಫಾಸ್ಟ್ ಫುಡ್ ಅಂಗಡಿ ಷೆಫ್ ಎಂದು ನಾಮಿನೇಟ್ ಮಾಡಿದ್ದರೆ, ಎಷ್ಟು ಕಾಗದ ಕೊಟ್ಟರೂ ಕಷ್ಟ.

ಈಗ 482 ಮತ್ತು 186ರ ನಡುವಿನ ಒಂದು ವ್ಯತ್ಯಾಸ. 482ರಲ್ಲಿ ವೀಸಾ ಅರ್ಜಿ ಇನ್ನೂ ಬಾಕಿ ಇದ್ದರೆ ಕಂಪನಿ ಬೇಗ ಹೊಸ ನಾಮಿನೇಷನ್ ಹಾಕಿ, ಅದರ ಸಂಖ್ಯೆ ಕೊಟ್ಟು, ಇದನ್ನು ನನ್ನ ಅರ್ಜಿಗೆ ಜೋಡಿಸಿ ಎಂದು ಇಲಾಖೆಯನ್ನು ಕೇಳಬಹುದು. 186ರಲ್ಲಿ ಹಾಗಿಲ್ಲ. ಯಾವ ನಾಮಿನೇಷನ್ ಹೇಳಿ ವೀಸಾ ಹಾಕಿದ್ದೀರೋ ಅದು ಒಪ್ಪಿಗೆಯಾದರೆ ಮಾತ್ರ ಆ ವೀಸಾ. 2017ರಲ್ಲಿ ಫೆಡರಲ್ ಕೋರ್ಟಿನ ಪೂರ್ಣ ಪೀಠ ಇದನ್ನು ಖಚಿತಪಡಿಸಿತು. ಅಂದರೆ ಹೊಸ 186 ನಾಮಿನೇಷನ್ ಹಾಕಿದರೆ ಐದು ಸಾವಿರ ಡಾಲರ್ ಹತ್ತಿರದ ವೀಸಾ ಶುಲ್ಕವನ್ನೂ ಮತ್ತೆ ಕಟ್ಟಿ ಹೊಸ ವೀಸಾ ಅರ್ಜಿಯನ್ನೂ ಹಾಕಬೇಕು. ಅದಕ್ಕಿಂತ ಗಂಭೀರವಾದದ್ದು ವಯಸ್ಸು. 186ಕ್ಕೆ ಅರ್ಜಿ ಹಾಕುವಾಗ 45 ತುಂಬಿರಬಾರದು, ವಿನಾಯಿತಿಗಳು ಕೆಲವರಿಗೆ ಮಾತ್ರ. 44ಕ್ಕೆ ಅರ್ಜಿ ಹಾಕಿ ಈಗ 46 ಆಗಿರುವವರಿಗೆ ಹೊಸ ಅರ್ಜಿಯ ದಾರಿಯೇ ಇಲ್ಲದಿರಬಹುದು, ಹಳೆಯ ನಾಮಿನೇಷನ್ ಉಳಿಸಿಕೊಳ್ಳುವುದೊಂದೇ ಬಾಕಿ. ಅಂಥವರು ಬಾಸ್‌ಗೆ ಇದನ್ನು ಬಿಡಿಸಿ ಹೇಳಲೇಬೇಕು. "ಇನ್ನೊಂದು ಸಲ ಹಾಕೋಣ ಬಿಡಿ" ಎಂದು ಒಳ್ಳೆಯ ಮನಸ್ಸಿನಿಂದಲೇ ಅವರು ಹೇಳಿದರೂ ನಿಮಗೆ ಅದರಿಂದ ನಷ್ಟ.

ಎರಡನ್ನೂ ಒಟ್ಟಿಗೆ ಮಾಡಬಾರದು ಎಂದೇನಿಲ್ಲ. ಟ್ರಿಬ್ಯುನಲ್‌ಗೆ ಅರ್ಜಿ ಹಾಕಿ ಇಟ್ಟು, ಹೊಸ ನಾಮಿನೇಷನ್ ಕೂಡ ಹಾಕುವ ಕಂಪನಿಗಳಿವೆ. ಖರ್ಚು ಜಾಸ್ತಿ, ಆದರೆ ಗಡುವು ಕಳೆದುಕೊಂಡ ಆತಂಕ ಇರುವುದಿಲ್ಲ.

ಅರ್ಜಿ ಹಾಕುವಾಗ ಯಾರು ಮೊದಲು, ದುಡ್ಡು ಯಾರದು

ಎಆರ್‌ಟಿ ವೆಬ್‌ಸೈಟಿನಲ್ಲೇ ಆನ್‌ಲೈನ್ ಅರ್ಜಿ ಇದೆ. ತೀರ್ಪಿನ ಪ್ರತಿ ಜೊತೆಗಿಡಿ. ಅರ್ಜಿದಾರರ ಹೆಸರಿನ ಜಾಗದಲ್ಲಿ ನಾಮಿನೇಷನ್ ಹಾಕಿದ ಕಂಪನಿಯ ಕಾನೂನುಬದ್ಧ ಹೆಸರೇ ಇರಬೇಕು, ಅಂಗಡಿ ಬೋರ್ಡಿನ ಹೆಸರಲ್ಲ, ನಿಮ್ಮ ಹೆಸರಂತೂ ಅಲ್ಲವೇ ಅಲ್ಲ.

ನಿಮ್ಮ ವೀಸಾ ಕೂಡ ರಿಜೆಕ್ಟ್ ಆಗಿದ್ದರೆ ಅದಕ್ಕೆ ನೀವು ಪ್ರತ್ಯೇಕ ಅರ್ಜಿ ಹಾಕಬೇಕು. ಅದಕ್ಕೂ 28 ದಿನ, ಆದರೆ ನಿಮ್ಮ ಪತ್ರ ಬಂದ ದಿನದಿಂದ. 482ರಲ್ಲಿ ಕ್ರಮ ಬಹಳ ಮುಖ್ಯ. ನೀವು ಅರ್ಜಿ ಹಾಕುವ ಹೊತ್ತಿಗೆ ನಿಮ್ಮ ಹೆಸರಿನ ಒಪ್ಪಿಗೆಯಾದ ನಾಮಿನೇಷನ್ ಇರಬೇಕು, ಇಲ್ಲವೇ ತಿರಸ್ಕಾರದ ಮೇಲೆ ಕಂಪನಿ ಹಾಕಿದ ಮೇಲ್ಮನವಿ ಟ್ರಿಬ್ಯುನಲ್ ಮುಂದೆ ಬಾಕಿ ಇರಬೇಕು. ಎರಡೂ ಇಲ್ಲದೆ ನೀವು ಹಾಕಿದರೆ ಟ್ರಿಬ್ಯುನಲ್‌ಗೆ ನಿಮ್ಮ ಅರ್ಜಿ ನೋಡುವ ಅಧಿಕಾರವೇ ಇರುವುದಿಲ್ಲ. ಆದ್ದರಿಂದ ಕಂಪನಿಯ ಅರ್ಜಿ ಸಂಖ್ಯೆ ಕೈಗೆ ಬಂದ ಮೇಲೆಯೇ ನಿಮ್ಮದನ್ನು ಹಾಕಿ. ಎರಡನ್ನೂ ಒಬ್ಬರೇ ಸದಸ್ಯರು ಒಟ್ಟಿಗೆ ಕೇಳಲಿ ಎಂದು ಅರ್ಜಿಯಲ್ಲೇ ಕೋರಿಕೊಳ್ಳಿ.

ನೀವು ಇನ್ನೂ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇದ್ದುಕೊಂಡು ಹಾಕಿದ 482 ಆದರೆ ನಿಯಮ ಬೇರೆ. ಕಂಪನಿ ನಾಮಿನೇಷನ್ ಮೇಲೆ ಹೋಗಬಹುದು. ನಿಮ್ಮ ವೀಸಾ ತೀರ್ಪಿನ ಮೇಲೆ ಯಾರು ಹೋಗಬಹುದು ಎಂಬುದು ಪತ್ರದ ಕೊನೆಯ ಭಾಗದಲ್ಲಿ ಬರೆದಿರುತ್ತದೆ, ಅದನ್ನು ಓದದೆ ದುಡ್ಡು ಕಟ್ಟಬೇಡಿ.

ಒಂದೊಂದು ಅರ್ಜಿಗೆ ಶುಲ್ಕ ಮೂರೂವರೆ ಸಾವಿರ ಡಾಲರ್ ಆಸುಪಾಸು, ಪ್ರತಿ ಜುಲೈನಲ್ಲಿ ಏರುತ್ತದೆ. ಇದನ್ನೂ ಗಡುವಿನೊಳಗೆ ಕಟ್ಟಬೇಕು. ತೀವ್ರ ಹಣಕಾಸಿನ ತೊಂದರೆ ಇದ್ದರೆ ಅರ್ಧ ಇಳಿಸಲು ಕೇಳಬಹುದು. ಗೆದ್ದರೆ ಅರ್ಧ ವಾಪಸ್ ಬರುತ್ತದೆ. ಒಂದೇ ತೀರ್ಪಿನಲ್ಲಿ ಗಂಡ, ಹೆಂಡತಿ, ಮಕ್ಕಳ ವೀಸಾ ರಿಜೆಕ್ಟ್ ಆಗಿದ್ದರೆ ಎಲ್ಲರಿಗೂ ಸೇರಿ ಒಂದೇ ಅರ್ಜಿ ಸಾಕು.

ಬಾಸ್ "ನೀನೇ ಕಟ್ಟಿದರೆ ಹಾಕುತ್ತೇನೆ" ಎಂದರೆ ಇಲ್ಲಿ ಎಚ್ಚರ ಬೇಕು. ನಾಮಿನೇಷನ್ ಖರ್ಚು, ತರಬೇತಿ ನಿಧಿಯ ಲೆವಿ ಇವನ್ನು ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ಸ್ಪಾನ್ಸರ್‌ಶಿಪ್‌ಗಾಗಿ ದುಡ್ಡು ಕೇಳುವುದೂ ಕೊಡುವುದೂ 2015ರ ಡಿಸೆಂಬರ್‌ನಿಂದ ಕಾನೂನುಬಾಹಿರ, ಕೊಟ್ಟವರಿಗೂ ದಂಡ ಇದೆ, ವೀಸಾ ರದ್ದಾಗುವ ಅಪಾಯವೂ ಇದೆ. ನಗದಾಗಿ ಒಂದು ಡಾಲರ್ ಕೊಡುವ ಮೊದಲು ವಕೀಲರನ್ನು ಕೇಳಿ. ನಿಮ್ಮ ಸಂಕಟ ನೋಡಿ ಹೆಚ್ಚು ದುಡ್ಡು ಕೇಳುವವರನ್ನು ನಾನು ಕ್ಷಮಿಸಲಾರೆ, ನೀವೂ ಆ ಬಲೆಗೆ ಬೀಳಬೇಡಿ.

ಕಾಗದಪತ್ರ

ಗಡುವಿನೊಳಗೆ ಅರ್ಜಿ, ಶುಲ್ಕ ಸಾಕು, ಪುರಾವೆ ನಂತರ ಕೊಡಬಹುದು. ಆದರೆ ಬೇಗ ಶುರುಮಾಡಿ. ತೀರ್ಪಿನ ಒಂದೊಂದು ಪ್ಯಾರಾ ಎದುರಿಗೆ ಇಟ್ಟುಕೊಂಡು, ಈ ಮಾತಿಗೆ ಯಾವ ಕಾಗದ ಉತ್ತರ ಎಂದು ಬರೆದುಕೊಳ್ಳಿ. ಸಾಮಾನ್ಯ ಹೊಗಳಿಕೆಯ ಪತ್ರಗಳಿಂದ ಏನೂ ಆಗುವುದಿಲ್ಲ.

ಹುದ್ದೆ ನಿಜವೇ ಎಂಬ ಪ್ರಶ್ನೆಗೆ ಒಂದು ಚಿಕ್ಕ ರೆಸ್ಟೋರೆಂಟ್ ಅಂದುಕೊಳ್ಳಿ. ಯಾರ ಕೆಳಗೆ ಯಾರು ಎಂಬ ಚಾರ್ಟ್, ಎಲ್ಲರ ಹೆಸರು, ವಾರಕ್ಕೆ ಎಷ್ಟು ಗಂಟೆ, ರೋಸ್ಟರ್, ಮೆನು, ಸೀಟುಗಳ ಸಂಖ್ಯೆ, ಅಡುಗೆಮನೆ ಫೋಟೋ, ಷೆಫ್ ಮಾಡಿದ ಸಾಮಾನಿನ ಆರ್ಡರ್‌ಗಳು, ಅವರು ಬರೆದ ಮೆನು ಬದಲಾವಣೆಗಳು, ಇವೆಲ್ಲ ಮಾತಾಡುತ್ತವೆ. ಐಟಿ ಕಂಪನಿಯಾದರೆ ಪ್ರಾಜೆಕ್ಟ್ ಒಪ್ಪಂದ, ಗ್ರಾಹಕರ ಗೌಪ್ಯ ವಿಷಯ ಮುಚ್ಚಿದ ಈಮೇಲ್‌ಗಳು, ನಿಮ್ಮ ಕೆಲಸದ ಟಿಕೆಟ್‌ಗಳು. ಹಿಂದೆ ಈ ಕೆಲಸ ಯಾರು ಮಾಡುತ್ತಿದ್ದರು, ಅವರು ಬಿಟ್ಟ ಮೇಲೆ ಏನಾಯಿತು ಎಂದೂ ಹೇಳಿ. ನೀವು ಕೊಡಬಹುದಾದದ್ದು ಪೇಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಸೂಪರ್ (ಕಂಪನಿ ಕಟ್ಟುವ ನಿವೃತ್ತಿ ನಿಧಿ) ಜಮಾ ಆದ ದಾಖಲೆ. ಪೇಸ್ಲಿಪ್‌ನಲ್ಲಿ ಇರುವಷ್ಟೇ ಸಂಬಳ ಬ್ಯಾಂಕಿಗೆ ಬಂದಿದೆಯೇ ನೋಡಿ, ಹೊಂದದಿದ್ದರೆ ಅದಕ್ಕೆ ವಿವರಣೆ ಮೊದಲೇ ಬೇಕು.

ಕಂಪನಿಗೆ ಸಂಬಳ ಕೊಡುವ ಶಕ್ತಿ ಇದೆಯೇ ಎಂಬ ಪ್ರಶ್ನೆ 186ರಲ್ಲಿ ಕಠಿಣವಾಗಿ ಬರುತ್ತದೆ, ಅಲ್ಲಿ ಹುದ್ದೆ ಕನಿಷ್ಠ ಎರಡು ವರ್ಷ ಇರುತ್ತದೆ ಎಂದು ತೋರಿಸಬೇಕು. ಟ್ಯಾಕ್ಸ್ ರಿಟರ್ನ್, ಬಿಎಎಸ್ (ವ್ಯಾಪಾರಿಗಳು ತೆರಿಗೆ ಕಚೇರಿಗೆ ಕೊಡುವ ಲೆಕ್ಕದ ಪತ್ರ), ಲಾಭನಷ್ಟದ ಪಟ್ಟಿ, ಅಕೌಂಟೆಂಟ್ ಪತ್ರ. ಹಳೆಯವು ಮಾತ್ರ ಸಾಲವು, ವಿಚಾರಣೆ ಹೊತ್ತಿಗೆ ಹೊಸವೂ ಬೇಕು.

ಕಾಯುವಾಗ

ದೇಶದೊಳಗೆ ವೀಸಾ ಹಾಕಿ ಬ್ರಿಡ್ಜಿಂಗ್ ವೀಸಾ ಎ ಮೇಲೆ ಇದ್ದವರು ವೀಸಾ ತೀರ್ಪಿನ ಮೇಲೆ ಸಮಯಕ್ಕೆ ಸರಿಯಾಗಿ ಮೇಲ್ಮನವಿ ಹಾಕಿದರೆ ಅದು ಮುಂದುವರಿಯುತ್ತದೆ. ಕೆಲಸದ ಷರತ್ತು ಏನಿದೆ ಎಂದು ವೆವೋದಲ್ಲಿ ನೋಡಿ. ಊರಿಗೆ ಹೋಗಬೇಕಾದರೆ ಹೊರಡುವ ಮೊದಲೇ ಬ್ರಿಡ್ಜಿಂಗ್ ವೀಸಾ ಬಿ ತೆಗೆದುಕೊಳ್ಳಿ. ಎ ಮೇಲೆ ವಿಮಾನ ಹತ್ತಿದರೆ ಅದು ಅಲ್ಲಿಗೇ ಮುಗಿಯುತ್ತದೆ. ಮದುವೆ, ಕಾಯಿಲೆ ಎಂದು ಗಡಿಬಿಡಿಯಲ್ಲಿ ಹೊರಟು ಹಿಂದಿರುಗಲಾಗದವರ ಕಷ್ಟ ಹೇಳತೀರದು.

ಹಳೆಯ 482 ಚಾಲ್ತಿಯಲ್ಲಿದ್ದು, ಹೊಸ ಕಂಪನಿಯ ನಾಮಿನೇಷನ್ ಬಿದ್ದಿದ್ದರೆ ಹಳೆಯ ವೀಸಾ ಅದರಿಂದ ಹೋಗುವುದಿಲ್ಲ. ಕೆಲಸ ಬಿಟ್ಟಿದ್ದರೆ 2024ರ ಜುಲೈ 1ರಿಂದ ಒಂದು ಸಲಕ್ಕೆ 180 ದಿನ, ವೀಸಾ ಅವಧಿಯಲ್ಲಿ ಒಟ್ಟು 365 ದಿನ ಸಮಯ ಸಿಗುತ್ತದೆ. ಆ ದಿನಗಳಲ್ಲಿ ಇನ್ನೊಬ್ಬ ಸ್ಪಾನ್ಸರ್ ಹುಡುಕುವುದು ಮೇಲ್ಮನವಿಗಿಂತ ವೇಗದ ದಾರಿ ಆಗಬಹುದು.

ಕಂಪನಿಯ ಸ್ಪಾನ್ಸರ್ ಒಪ್ಪಿಗೆ ಐದು ವರ್ಷಕ್ಕೆ. ಕಾಯುತ್ತಿರುವಾಗ ಅದು ಮುಗಿದರೆ ನಾಮಿನೇಷನ್ ಒಪ್ಪಲು ಬರುವುದಿಲ್ಲ, ಇದನ್ನು ಜನ ಮರೆಯುತ್ತಾರೆ. ಕೊನೆಯ ದಿನಾಂಕ ಕೇಳಿ ಬರೆದಿಟ್ಟುಕೊಳ್ಳಿ. ಟ್ರಿಬ್ಯುನಲ್‌ನಿಂದ ಮಾಹಿತಿ ಕೇಳಿ ಪತ್ರ ಬಂದರೆ ಹೇಳಿದ ದಿನದೊಳಗೆ ಉತ್ತರ ಹೋಗಲೇಬೇಕು, ಆಗದಿದ್ದರೆ ಆ ದಿನ ದಾಟುವ ಮೊದಲೇ ಸಮಯ ಕೇಳಬೇಕು. ದಾಟಿದರೆ ವಿಚಾರಣೆಯೇ ಇಲ್ಲದೆ ತೀರ್ಮಾನ ಆಗಬಹುದು.

ವಿಚಾರಣೆ ದಿನ

ಕೋರ್ಟಿನಂತೆ ಕಟಕಟೆ, ಎದುರು ವಕೀಲರು ಇರುವುದಿಲ್ಲ. ಸದಸ್ಯರೊಬ್ಬರು ಕೂತು ಪ್ರಶ್ನೆ ಕೇಳುತ್ತಾರೆ, ಎಷ್ಟೋ ಸಲ ವಿಡಿಯೋ ಮೂಲಕ. ನಾಮಿನೇಷನ್ ಪ್ರಕರಣದಲ್ಲಿ ಮಾತಾಡಬೇಕಾದವರು ಮಾಲೀಕರು ಅಥವಾ ಡೈರೆಕ್ಟರ್, ನೀವು ಸಾಕ್ಷಿ. ಅವರಿಗೆ ತಮ್ಮ ವರ್ಷದ ವಹಿವಾಟು ಎಷ್ಟು, ಎಷ್ಟು ಜನ ಕೆಲಸಕ್ಕಿದ್ದಾರೆ, ನೀವು ದಿನವಿಡೀ ಏನು ಮಾಡುತ್ತೀರಿ, ಇದು ತಿಳಿದಿರಬೇಕು. "ಅಕೌಂಟೆಂಟ್‌ಗೆ ಗೊತ್ತು" ಎಂದರೆ ಪ್ರಕರಣ ದುರ್ಬಲವಾಗುತ್ತದೆ. ಹಿಂದಿನ ವಾರ ಇಬ್ಬರೂ ಕೂತು ಕಾಗದಗಳನ್ನು ಓದಿ. ಉತ್ತರ ಬಾಯಿಪಾಠ ಮಾಡಬೇಡಿ, ಇಬ್ಬರ ಮಾತೂ ಒಂದೇ ಅಚ್ಚಿನಲ್ಲಿದ್ದರೆ ಅನುಮಾನ ಬರುತ್ತದೆ. ನಿಮಗೆ ಇಂಗ್ಲಿಷ್‌ನಲ್ಲಿ ಅಳುಕಿದ್ದರೆ ಕನ್ನಡ ದುಭಾಷಿ ಬೇಕು ಎಂದು ಮೊದಲೇ ಬರೆಯಿರಿ, ಅದಕ್ಕೆ ದುಡ್ಡಿಲ್ಲ. ಹೆಂಡತಿಯನ್ನೋ ಸ್ನೇಹಿತರನ್ನೋ ದುಭಾಷಿಯಾಗಿ ಕರೆದುಕೊಂಡು ಹೋಗಬೇಡಿ.

ತೀರ್ಪು ಬಂದ ಮೇಲೆ

ಗೆದ್ದರೆ ನಾಮಿನೇಷನ್ ಒಪ್ಪಿಗೆಯಾದಂತೆ, ವೀಸಾ ಸಾಮಾನ್ಯವಾಗಿ ಇಲಾಖೆಗೆ ಮರಳುತ್ತದೆ. ಆಗ ಪೊಲೀಸ್ ಪ್ರಮಾಣಪತ್ರ, ಮೆಡಿಕಲ್ ಮತ್ತೆ ಕೇಳಬಹುದು. ಪಾಸ್‌ಪೋರ್ಟ್ ಅವಧಿ ಮುಗಿಯುತ್ತಿದ್ದರೆ ಕಾಯುವ ದಿನಗಳಲ್ಲೇ ನವೀಕರಿಸಿ ಇಟ್ಟುಕೊಳ್ಳಿ.

ಸೋತರೆ ಫೆಡರಲ್ ಸರ್ಕಿಟ್ ಅಂಡ್ ಫ್ಯಾಮಿಲಿ ಕೋರ್ಟಿಗೆ ಹೋಗಲು ತೀರ್ಪಿನ ದಿನದಿಂದ 35 ದಿನ. ಅಲ್ಲಿ ಹುದ್ದೆ ನಿಜವೇ ಎಂದು ಮತ್ತೆ ನೋಡುವುದಿಲ್ಲ, ಟ್ರಿಬ್ಯುನಲ್ ಕಾನೂನಿನಲ್ಲಿ ದೊಡ್ಡ ತಪ್ಪು ಮಾಡಿದೆಯೇ ಎಂದಷ್ಟೇ ನೋಡುತ್ತಾರೆ, ಸೋತರೆ ಸರ್ಕಾರದ ವಕೀಲರ ಖರ್ಚೂ ನಿಮ್ಮ ಮೇಲೆ ಬರಬಹುದು. ಕಾನೂನಿನ ತಪ್ಪು ಇಂಥದ್ದೇ ಎಂದು ವಕೀಲರು ಬರಹದಲ್ಲಿ ಹೇಳದಿದ್ದರೆ ನಾನು ಆ ದಾರಿ ಹಿಡಿಯಿರಿ ಎನ್ನುವುದಿಲ್ಲ. ವೀಸಾ ಮೇಲ್ಮನವಿ ಸೋತರೆ ಬ್ರಿಡ್ಜಿಂಗ್ ವೀಸಾ ಎ ಕೂಡ 35 ದಿನಕ್ಕೆ ಮುಗಿಯುತ್ತದೆ. ಮಕ್ಕಳ ಸ್ಕೂಲಿನ ಅವಧಿ, ಮನೆ ಬಾಡಿಗೆ ನೋಟಿಸ್, ಕಂಪನಿಯಿಂದ ಬರಬೇಕಾದ ರಜೆಯ ಹಣ, ಇವಕ್ಕೆಲ್ಲ ಅಷ್ಟೇ ದಿನ ಸಿಗುವುದರಿಂದ ವಿಚಾರಣೆ ಮುಗಿದ ವಾರದಿಂದಲೇ ಒಂದು ಪಟ್ಟಿ ಮಾಡಿಕೊಂಡಿರಿ. ದೇಶ ಬಿಟ್ಟ ಮೇಲೆ ಹೊರಗಿನಿಂದ ಹೊಸ ನಾಮಿನೇಷನ್ ಮೇಲೆ 482 ಹಾಕಲು ಸೆಕ್ಷನ್ 48 ಅಡ್ಡ ಬರುವುದಿಲ್ಲ, ಬಾಸ್ ಆಗಲೂ ಸಿದ್ಧರಿದ್ದರೆ ಹೊರಡುವ ಮುಂಚೆಯೇ ಜಾಹೀರಾತು ಶುರುಮಾಡಲು ಹೇಳಿ.